ಕೊನೆಗೆ ಬಂದವರಿಗೂ ಉಪ್ಪಿಟ್ಟು

ರಜೆಯ ದಿನ ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡು ಏಳುವವರನ್ನು ಮನೆಯವರು ಒಂದು ಥರಾ ನೋಡುತ್ತಾರೆ. ರೈಲಿಗೆ ಹೊತ್ತಾಯಿತಾ ಎಂದರೆ ಇಲ್ಲ. ದೇವಸ್ಥಾನಕ್ಕಾ ಎಂದರೆ ಅದೂ ಅಲ್ಲ. ಐದು ಕಿಲೋಮೀಟರ್ ಓಡಿ, ಹೊರಟ ಜಾಗಕ್ಕೇ ವಾಪಸು ಬರುವುದಕ್ಕೆ! ಅದಕ್ಕೆ ದುಡ್ಡು ಬೇರೆ ಕಟ್ಟಿದ್ದೀನಿ ಎಂದರಂತೂ ಮುಗಿದೇಹೋಯಿತು. ನಮ್ಮತ್ತೆ ಇದ್ದಿದ್ದರೆ, "ಅಲ್ಲವೇ, ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಪುಕ್ಕಟೆಯಾಗೇ ಓಡಬಹುದಲ್ಲ" ಅನ್ನುತ್ತಿದ್ದರು. ಆ ಮಾತನ್ನು ತೆಗೆದುಹಾಕುವ ಹಾಗೂ ಇಲ್ಲ. ನಮ್ಮ ಕಡೆ ದೊಡ್ಡವರು ಓಡುತ್ತಿದ್ದಾರೆ ಎಂದರೆ ಏನೋ ಆಗಿದೆ ಎಂದೇ ಲೆಕ್ಕ. ಬಸ್ಸು ತಪ್ಪುತ್ತಿರಬೇಕು, ಹಸು ಹಗ್ಗ ಕಿತ್ತುಕೊಂಡಿರಬೇಕು, ಇಲ್ಲ ಯಾರಿಗೋ ಹುಷಾರಿಲ್ಲ ಅಂತ ಸುದ್ದಿ ಬಂದಿರಬೇಕು. ಏನೂ ಆಗದೆ, ನಗುನಗುತ್ತಾ, ನೂರಾರು ಜನ ಒಟ್ಟಿಗೆ ನಡುರಸ್ತೆಯಲ್ಲಿ ಓಡುವುದು ನಮ್ಮ ಊರುಗಳಿಗೆ ತೀರ ಈಚಿನ ನೋಟ.

ಹಾಗೆಂದು ಹಬ್ಬಕ್ಕೂ ಓಟಕ್ಕೂ ನಂಟೇ ಇರಲಿಲ್ಲವೆಂದಲ್ಲ. ನಮ್ಮ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ಹಗ್ಗ ಹಿಡಿದ ಹುಡುಗರೂ ಅವುಗಳ ಜೊತೆ ಉರಿ ಹಾರಿ ಓಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುತ್ತಾರೆ. ನಾಗರಪಂಚಮಿ ಬಂತೆಂದರೆ, ಇಂತಿಷ್ಟು ಎಸೆತದಲ್ಲಿ ನಿಂಬೆಹಣ್ಣನ್ನು ಪಕ್ಕದೂರಿಗೆ ಮುಟ್ಟಿಸುತ್ತೇನೆಂದು ಪಂದ್ಯ ಕಟ್ಟಿದವನ ಹಿಂದೆ ಓಣಿಯ ಹುಡುಗರೆಲ್ಲ ಓಡುತ್ತಾರೆ. ಕೊಡಗಿನಲ್ಲಿ ಮಳೆಗಾಲದ ಕೆಸರುಗದ್ದೆ ಓಟ. ಕರಾವಳಿಯ ಕಂಬಳದಲ್ಲಿ ಕೋಣಗಳ ಹಿಂದೆ ಓಡುವವರ ಕಾಲಿನಲ್ಲಿ ಎಂಥ ಕಸುವಿದೆ ಎಂಬುದು 2020ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಜನ ಉಸೇನ್ ಬೋಲ್ಟ್ ಹೆಸರನ್ನು ಎಳೆದು ತಂದರು. ಇವೆಲ್ಲ ಸುಗ್ಗಿಯ, ಹಬ್ಬದ ಓಟಗಳೇ. ಆದರೆ ಓಡುವವರು ನಾಲ್ಕು ಜನ, ನೋಡುವವರು ನಾನೂರು ಜನ. ಅದರಲ್ಲೂ ಹೆಂಗಸರು ಹೆಚ್ಚಾಗಿ ನೋಡುವ ಕಡೆಗೇ.

ರಜೆಯ ಬೆಳಗಿನ ಓಟ ಬದಲಿಸಿದ್ದು ಈ ಲೆಕ್ಕವನ್ನು. ಅಲ್ಲಿ ನೋಡುವವರು ಅಂತ ಬೇರೆ ಇಲ್ಲ. ಬಂದವರೆಲ್ಲ ಓಡುವವರೇ. ಅದರ ಸೊಗಸೂ ಅಲ್ಲೇ ಇದೆ, ಅದನ್ನು ಕೆಡಿಸುವುದೂ ಅಲ್ಲೇ ಸುಲಭ.

ಬೆಂಗಳೂರಿನ ದೊಡ್ಡ ಹತ್ತು ಕಿಲೋಮೀಟರ್ ಓಟ 2008ರಲ್ಲಿ ಶುರುವಾಯಿತು. ಪಂದ್ಯದ ಗೊಡವೆ ಬೇಡ ಎನ್ನುವವರಿಗಾಗಿ ಅದರ ಜೊತೆಗೇ 'ಮಜಾ ರನ್' ಎಂಬುದೊಂದಿದೆ. ಮುಂಬೈಯ ಜನವರಿ ಮ್ಯಾರಥಾನಿಗೂ ಹಾಗೆಯೇ 'ಡ್ರೀಮ್ ರನ್' ಇದೆ. ಅವುಗಳಿಗೆ ಕಂಪನಿಗಳ ಬಲವಿದೆ, ಪತ್ರಿಕೆಗಳಲ್ಲಿ ಜಾಗವಿದೆ. ನಾನು ಮಾತಾಡಬೇಕೆಂದಿರುವುದು ಅಷ್ಟು ದೊಡ್ಡವುಗಳ ಬಗ್ಗೆ ಅಲ್ಲ, ಊರಿನ ವಾಕಿಂಗ್ ಬಳಗದವರು, ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ಒಂದಿಬ್ಬರು ಡಾಕ್ಟರು ಕೂಡಿಕೊಂಡು ಕೈಯಿಂದ ದುಡ್ಡು ಹಾಕಿ ನಡೆಸುವ ಸಣ್ಣ ಓಟಗಳ ಬಗ್ಗೆ.

ನಾನು ತಪ್ಪದೆ ಹೋಗುವುದು ರಾಜ್ಯೋತ್ಸವದ ಓಟಕ್ಕೆ. ಮೈಸೂರಿನ ಓವಲ್ ಮೈದಾನದ ಹತ್ತಿರ ಸೇರಿ, ಕುಕ್ಕರಹಳ್ಳಿ ಕೆರೆಯ ಕಡೆ ಹೋಗಿ ಮರಳುವ ಐದು ಕಿಲೋಮೀಟರ್. ನವೆಂಬರ್ ಮೊದಲ ದಿನ ಇಲ್ಲಿ ಸೂರ್ಯ ಹುಟ್ಟುವುದು ಆರೂಕಾಲರ ಆಸುಪಾಸು. ಐದೂವರೆಗೆ ಹೋದರೆ ಬೀದಿದೀಪದ ಬೆಳಕಿನಲ್ಲೇ ಎಲ್ಲ ವ್ಯವಹಾರ. ಹಿಂದಿನ ರಾತ್ರಿ ಹಿಂಗಾರಿನ ಮಳೆ ಬಿದ್ದಿದ್ದರೆ ರಸ್ತೆಯ ಮೇಲೆ ಮಳೆಮರದ ಎಲೆಯೆಲ್ಲ ಅಂಟಿಕೊಂಡಿರುತ್ತದೆ.

ಮೊದಲು ನಂಬರ್ ಚೀಟಿಯ ಸಾಲು. ಚೀಟಿಯ ಜೊತೆ ಸೇಫ್ಟಿ ಪಿನ್ನು. ನಾಲ್ಕು ಮೂಲೆಗೆ ನಾಲ್ಕು ಬೇಕು, ಕೈಗೆ ಬರುವುದು ಎರಡೋ ಮೂರೋ. ಈ ಗಳಿಗೆಯಲ್ಲಿ ಹೆಂಗಸರ ಬೆಲೆ ಏರಿಬಿಡುತ್ತದೆ. ಬಳೆಗೋ ಸರಕ್ಕೋ ಒಂದೆರಡು ಪಿನ್ನು ಸಿಕ್ಕಿಸಿಕೊಂಡಿರದ ಗೃಹಿಣಿ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಒಂದು ವರ್ಷ, ದೊಡ್ಡ ದೊಡ್ಡ ಸೇತುವೆ ಕಟ್ಟಿಸಿ ನಿವೃತ್ತರಾದ ಇಂಜಿನಿಯರೊಬ್ಬರು ಚೀಟಿ, ಟೀ-ಶರ್ಟು, ಒಳಗಿನ ಬನಿಯನ್ನು ಮೂರನ್ನೂ ಸೇರಿಸಿ ಪಿನ್ನು ಚುಚ್ಚಿಕೊಂಡು, ಕೈ ಮೇಲೆತ್ತಲಾಗದೆ ನಿಂತಿದ್ದರು. ನನ್ನ ಜೊತೆ ಬಂದಿದ್ದ ಎದುರುಮನೆಯಾಕೆ, "ಬನ್ನಿ ಅಂಕಲ್, ನೆಟ್ಟಗೆ ನಿಂತ್ಕೊಳ್ಳಿ, ಅಲ್ಲಾಡಬೇಡಿ" ಎಂದು ಎಲ್ಲ ಬಿಚ್ಚಿ, ತಮ್ಮ ತಾಳಿಸರದಲ್ಲಿದ್ದ ಪಿನ್ನನ್ನೂ ತೆಗೆದು, ನಾಲ್ಕು ಮೂಲೆ ಸರಿಯಾಗಿ ಕೂರಿಸಿ ಕಳಿಸಿದರು. ಓಟ ಮುಗಿದ ಮೇಲೆ ಅವರು ಆ ಒಂದು ಪಿನ್ನನ್ನು ವಾಪಸು ಕೊಡಲು ಇಡೀ ಮೈದಾನದಲ್ಲಿ ಈಕೆಯನ್ನು ಹುಡುಕಿಕೊಂಡು ಬಂದರು.

ಟೀ-ಶರ್ಟಿನದು ಇನ್ನೊಂದು ಪುರಾಣ. ಹೆಸರು ಬರೆಸುವಾಗ ಸೈಜು ಕೇಳುತ್ತಾರೆ. ಕೊಡುವಾಗ "ಮೀಡಿಯಂ ಮುಗಿದೋಯ್ತು ಮೇಡಂ, ಡಬಲ್ ಎಕ್ಸೆಲ್ ಇದೆ" ಎನ್ನುತ್ತಾರೆ. ಮೊಣಕಾಲಿನವರೆಗೆ ಇಳಿಬಿದ್ದ ಅರಿಶಿನ ಬಣ್ಣದ ಅಂಗಿಯನ್ನು ಚೂಡಿದಾರದ ಮೇಲೆ, ಕೆಲವರು ಸೀರೆಯ ಮೇಲೆಯೇ, ಹಾಕಿಕೊಂಡು ನಿಲ್ಲುವುದು. ಅಷ್ಟರಲ್ಲಿ ವೇದಿಕೆಯ ಮೇಲೆ ಒಬ್ಬಳು ಚುರುಕಾದ ಹುಡುಗಿ ರಾಜ್‌ಕುಮಾರ್ ಹಾಡಿಗೆ ಕೈಕಾಲು ಆಡಿಸಲು ಹೇಳಿಕೊಡುತ್ತಿರುತ್ತಾಳೆ. ಮೈ ಬಿಸಿಯಾಗಲಿ ಅಂತ. ಇದನ್ನು ಕಂಡು ನಗೆಯಾಡುವವರಿದ್ದಾರೆ, ನನ್ನ ಪ್ರಕಾರ ಅದು ಬೇಕು. ರಾತ್ರಿಯೆಲ್ಲ ಮಲಗಿದ್ದ ಮೀನಖಂಡವನ್ನು ಎಬ್ಬಿಸದೆ ಓಡಿದರೆ ಅರ್ಧ ದಾರಿಯಲ್ಲಿ ಅದು ಸೆಟೆದುಕೊಳ್ಳುತ್ತದೆ. ಬೇಡದ್ದು ಎಂದರೆ ಭಾಷಣ. ಆರಕ್ಕೆ ಬಾವುಟ ಎಂದರೆ ಆರಕ್ಕೇ ಬಾವುಟ. ಹಿಂದೊಮ್ಮೆ ಬೇರೊಂದು ಓಟದಲ್ಲಿ ಅತಿಥಿಗಳಿಗೆ ಕಾದೂ ಕಾದೂ ಬಿಸಿಲೇರಿತು. ಬಂದವರು ಆರೋಗ್ಯದ ಮಹತ್ವ ಕುರಿತು ಮಾತಾಡಿದಷ್ಟು ಹೊತ್ತು ಎಳೆಯ ಮಕ್ಕಳು, ವಯಸ್ಸಾದವರು ನಿಂತೇ ಇದ್ದರು. ಓಡಿಸುವುದಕ್ಕೆ ಕರೆದು ನಿಲ್ಲಿಸುವುದು ಯಾವ ನ್ಯಾಯ?

ಬಾವುಟ ಬೀಸಿದ ಮೇಲೆ ಆಗುವುದು ಪ್ರತಿ ವರ್ಷವೂ ಒಂದೇ. ಡೊಳ್ಳಿನ ಸದ್ದು ಕಿವಿಗೆ ಬಿದ್ದದ್ದೇ ಹೈಸ್ಕೂಲು ಹುಡುಗರು ಕಿತ್ತುಕೊಂಡು ಓಡುತ್ತಾರೆ. ಅವರನ್ನು ನೋಡಿ ನಲವತ್ತು ದಾಟಿದ ಗಂಡಸರೂ ಹಿಂದೆ ಬೀಳುತ್ತಾರೆ. ಐನೂರು ಮೀಟರ್ ದಾಟುವಷ್ಟರಲ್ಲಿ ಹುಡುಗರು ಫುಟ್‌ಪಾತಿನ ಮೇಲೆ ಕೂತಿರುತ್ತಾರೆ, ಗಂಡಸರು ಪಕ್ಕೆ ಹಿಡಿದುಕೊಂಡು ಮರಕ್ಕೆ ಒರಗಿರುತ್ತಾರೆ. ಕಾರಣ ಸರಳ. ಕಾಲಿನ ಸ್ನಾಯುಗಳು ಒಮ್ಮೆಗೇ ಕೇಳುವಷ್ಟು ಆಮ್ಲಜನಕವನ್ನು ಒದಗಿಸಲು ಎದೆಗೂ ಶ್ವಾಸಕೋಶಕ್ಕೂ ಕೆಲವು ನಿಮಿಷ ಬೇಕು. ಆ ವ್ಯವಧಾನ ಕೊಡದಿದ್ದರೆ ಮೈ ಮುಷ್ಕರ ಹೂಡುತ್ತದೆ. ಬಲ್ಲವರು ಹೇಳುವ ನಿಯಮ ಒಂದೇ: ಪಕ್ಕದವರ ಜೊತೆ ಮಾತಾಡಿಕೊಂಡು ಓಡಲು ಆಗಬೇಕು. ಒಂದು ಪೂರ್ತಿ ವಾಕ್ಯ ಹೇಳುವಷ್ಟರಲ್ಲಿ ಉಸಿರು ತುಂಡಾದರೆ ವೇಗ ಹೆಚ್ಚಾಯಿತು ಅಂತ. ಮೈಸೂರಿನವರಿಗೆ ಇದಕ್ಕಿಂತ ಒಪ್ಪುವ ನಿಯಮ ಇನ್ನೊಂದಿಲ್ಲ.

ನಡುನಡುವೆ ನಡೆದರೆ ಮಾನ ಹೋಯಿತು ಎಂದುಕೊಳ್ಳುವವರಿಗೆ ಒಂದು ಸಂಗತಿ. ಅಮೆರಿಕದ ಅಟ್ಲಾಂಟಾದಲ್ಲಿ ಜುಲೈ 4ರಂದು, ಅವರ ಸ್ವಾತಂತ್ರ್ಯ ದಿನದ ಬೆಳಿಗ್ಗೆ, ಪೀಚ್‌ಟ್ರೀ ಎಂಬ ಹತ್ತು ಕಿಲೋಮೀಟರ್ ಓಟ ನಡೆಯುತ್ತದೆ. 1970ರಲ್ಲಿ ಶುರುವಾದಾಗ ನೂರು ಚಿಲ್ಲರೆ ಜನರಿದ್ದ ಆ ರಜೆಯ ಓಟಕ್ಕೆ ಈಗ ಹತ್ತಾರು ಸಾವಿರ ಜನ ಸೇರುತ್ತಾರೆ. ಆ ಮೊದಲ ವರ್ಷ ಗೆದ್ದವರು ಜೆಫ್ ಗ್ಯಾಲೊವೇ. ಒಲಿಂಪಿಕ್ಸಿನಲ್ಲಿ ಓಡಿದ ಮನುಷ್ಯ. ಅಂಥವರೇ ಮುಂದೆ ಜನಸಾಮಾನ್ಯರಿಗೆ ಹೇಳಿಕೊಟ್ಟದ್ದು, ಸ್ವಲ್ಪ ಓಡಿ, ಸ್ವಲ್ಪ ನಡೆಯಿರಿ, ಮತ್ತೆ ಓಡಿ ಎಂಬ ಪಾಠವನ್ನು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯುವುದು. ನಾನೂ ಎದುರುಮನೆಯಾಕೆಯೂ ಹಾಗೇ. ನಾಲ್ಕು ಲೈಟುಕಂಬ ಓಡುವುದು, ಎರಡು ಲೈಟುಕಂಬ ನಡೆಯುವುದು. ಮಧ್ಯದಲ್ಲಿ ಅವರ ಸೊಸೆಯ ವಿಷಯ.

ಕೆರೆಯ ಹತ್ತಿರ ಬರುವ ಹೊತ್ತಿಗೆ ಬೆಳಕಾಗಿರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ಸುತ್ತಾಡಿದ ಕೆರೆ. ಹೆಜ್ಜಾರ್ಲೆಗಳು ನೀರಿನ ಮೇಲೆ ಕೂತಿರುತ್ತವೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ದಿನಾ ಬೆಳಿಗ್ಗೆ ಅಲ್ಲಿ ವಾಕಿಂಗಿಗೆ ಬರುವವರಿಗೆ ಮಾತ್ರ ಆ ದಿನ ಸ್ವಲ್ಪ ಸಿಟ್ಟು. ಅವರ ಶಾಂತಿ ಕದಡಿದ್ದೇವಲ್ಲ.

ಆ ದಾರಿಯಲ್ಲಿ ಒಮ್ಮೆ ನನ್ನ ಪಕ್ಕದಲ್ಲಿ ಓಡುತ್ತಿದ್ದ ಹೆಂಗಸೊಬ್ಬಳ ಕೈಯಲ್ಲಿ ಚಪ್ಪಲಿ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಎರಡೂ ಚಪ್ಪಲಿ ಜೋಡಿಸಿ ಹಿಡಿದು, ಬರಿಗಾಲಲ್ಲಿ ಓಡುತ್ತಿದ್ದಳು. ಹೆಜ್ಜೆಯ ಸದ್ದೇ ಇಲ್ಲ. ಮಗಳ ಜೊತೆ ಬಂದಿದ್ದಳಂತೆ. ಮಗಳು ಮುಂದೆ ಹೋಗಿದ್ದಳು. "ಚಪ್ಪಲಿ ಹಾಕ್ಕೊಂಡ್ರೆ ಜಾರತ್ತಕ್ಕಾ" ಅಂದಳು. ನನ್ನ ಕಾಲಲ್ಲಿ ಮಗ ತಂದುಕೊಟ್ಟ ದುಬಾರಿ ಶೂ ಇತ್ತು. ಎರಡನೇ ಲೈಟುಕಂಬದಲ್ಲಿ ಆಕೆ ನಮ್ಮನ್ನು ದಾಟಿ ಹೋದಳು.

ಬರಿಗಾಲಿನ ಓಟ ನಮ್ಮಲ್ಲಿ ಹೊಸದೇನಲ್ಲ. 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ಅಂಚೆ ವ್ಯವಸ್ಥೆ ನಿಂತದ್ದೇ ಓಟಗಾರರ ಕಾಲ ಮೇಲೆ. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಗುವ ತನಕ ಊರಿಂದೂರಿಗೆ ಟಪಾಲು ಓಡಿಕೊಂಡೇ ಹೋಯಿತು. ಅದು ಹೊಟ್ಟೆಪಾಡಿನ ಓಟ. ಉಳ್ಳವರು ಓಡುತ್ತಿರಲಿಲ್ಲ, ಓಡಿಸುತ್ತಿದ್ದರು.

ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟ ನೋಡಲು ಹೋಗಿದ್ದ ದೊರಾಬ್ಜಿ ಟಾಟಾ, ಬರಿಗಾಲಲ್ಲಿ ದೂರದೂರ ಓಡುವ ಹಳ್ಳಿಯ ರೈತರನ್ನು ಕಂಡು ಬೆರಗಾದರು. ಇವರು ಯೂರೋಪಿನವರ ಸರಿಸಮಕ್ಕೆ ಓಡಬಲ್ಲರಲ್ಲ ಎಂದುಕೊಂಡರು. ಮರುವರ್ಷ ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ ಒಲಿಂಪಿಕ್ಸ್. ದೊರಾಬ್ಜಿಯವರ ಮುತುವರ್ಜಿಯಿಂದ ಒಂದು ಸಣ್ಣ ತಂಡ ಹಡಗು ಹತ್ತಿತು. ಅದರಲ್ಲಿ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್, ಒಲಿಂಪಿಕ್ಸಿನ ಚರಿತ್ರೆಯಲ್ಲೇ ಅತಿ ಉದ್ದದ್ದು. ಕುಸ್ತಿಯ ಗೀಳಿದ್ದ ನಮ್ಮ ಬೆಳಗಾವಿಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಹತ್ತೊಂಬತ್ತನೆಯ ಸ್ಥಾನಕ್ಕೆ ಯಾರು ಪದಕ ಕೊಡುತ್ತಾರೆ? ಹಾಗಾಗಿ ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಜಾಗ ಸಿಕ್ಕಲಿಲ್ಲ. ರಾಜ್ಯೋತ್ಸವದ ದಿನ ಓಟ ಇಡುವವರು ಬಾವುಟ ಬೀಸುವ ಮೊದಲು ಅವರ ಹೆಸರನ್ನಾದರೂ ಒಮ್ಮೆ ಮೈಕಿನಲ್ಲಿ ಹೇಳಬಹುದು. ಅತಿಥಿಗಳ ಭಾಷಣಕ್ಕಿಂತ ಕಡಿಮೆ ಹೊತ್ತು ಹಿಡಿಯುತ್ತದೆ. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಓಡಿ, ದಶಕಗಟ್ಟಲೆ ಯಾರೂ ಮುಟ್ಟಲಾಗದ ರಾಷ್ಟ್ರೀಯ ದಾಖಲೆ ಬರೆದ ಶಿವನಾಥ್ ಸಿಂಗ್ ಕೂಡ ಬರಿಗಾಲಿನ ಓಟಕ್ಕೇ ಹೆಸರಾದವರು.

ಇಷ್ಟಾದರೂ ಅವರೆಲ್ಲ ಗೆಲ್ಲಲು ಹುಟ್ಟಿದವರು. ನಮ್ಮ ನಿಮ್ಮಂಥ ಮಧ್ಯವಯಸ್ಸಿನ, ಮಂಡಿ ಕಟಕಟ ಅನ್ನುವ ಜನ ಬರೀ ಖುಷಿಗೆ ಓಡಬಹುದು ಎಂದು ತೋರಿಸಿದ ಶ್ರೇಯಸ್ಸು ಬಹುಮಟ್ಟಿಗೆ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಅವರಿಗೆ ಸಲ್ಲಬೇಕು. ಒಲಿಂಪಿಕ್ಸ್ ಚಿನ್ನ ಗೆದ್ದ ಓಟಗಾರರನ್ನು ತಯಾರು ಮಾಡಿದ ಕೋಚ್ ಅವರು. 1960ರ ದಶಕದ ಆರಂಭದಲ್ಲಿ ಆಕ್ಲೆಂಡ್ ನಗರದ ಹೊಟ್ಟೆ ಬಂದ ವ್ಯಾಪಾರಿಗಳನ್ನು, ಹೃದಯದ ತೊಂದರೆ ಇದ್ದವರನ್ನೂ ಸೇರಿಸಿಕೊಂಡು ನಿಧಾನವಾಗಿ ಓಡಿಸತೊಡಗಿದರು. ಹೃದ್ರೋಗಿಗಳು ಹಾಸಿಗೆ ಬಿಟ್ಟು ಏಳಬಾರದು ಎಂದು ವೈದ್ಯರು ನಂಬಿದ್ದ ಕಾಲ ಅದು. ಅಮೆರಿಕದ ಬಿಲ್ ಬೋವರ್ಮನ್ ಎಂಬ ಇನ್ನೊಬ್ಬ ಹೆಸರಾಂತ ಕೋಚ್ ಅಲ್ಲಿಗೆ ಹೋದಾಗ, ಎಪ್ಪತ್ತು ದಾಟಿದ ಮುದುಕರೊಬ್ಬರ ಜೊತೆ ಓಡಿ ಹಿಂದೆ ಬಿದ್ದು ಏದುಸಿರು ಬಿಟ್ಟರು. ಊರಿಗೆ ಮರಳಿ ಅಮೆರಿಕಕ್ಕೆಲ್ಲ ಜಾಗಿಂಗ್ ಹುಚ್ಚು ಹಿಡಿಸಿದರು. ಇದೇ ಬೋವರ್ಮನ್ 1964ರಲ್ಲಿ ಫಿಲ್ ನೈಟ್ ಜೊತೆ ಸೇರಿ ಶುರು ಮಾಡಿದ ಶೂ ವ್ಯಾಪಾರವೇ ಈಗಿನ ನೈಕಿ. ಖುಷಿಗೆ ಓಡುವವರ ಹಿಂದೆಯೇ ಅಂಗಡಿಯೂ ಓಡಿ ಬಂತು ಎನ್ನಿ.

ಹಬ್ಬದ ಬೆಳಗಿನ ಓಟ ಅದಕ್ಕೂ ಹಿಂದಿನದು. ಅಮೆರಿಕದ ಬಫಲೊ ಎಂಬ ಊರಿನಲ್ಲಿ 1896ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ಆರು ಜನ ಮಣ್ಣಿನ ರಸ್ತೆಯಲ್ಲಿ ಓಡಿದರು. ಅಂದಿನಿಂದ ಪ್ರತಿ ನವೆಂಬರಿನಲ್ಲೂ ನಡೆದುಬಂದಿದೆ. ಈಗ ಸೇರುವವರು ಹತ್ತು ಸಾವಿರ ಮೀರುತ್ತಾರೆ. ಆ ಹಬ್ಬದ ಮಧ್ಯಾಹ್ನ ಟರ್ಕಿ ಕೋಳಿಯ ಭಾರಿ ಊಟವಿರುವುದರಿಂದ ಈ ಓಟಗಳಿಗೆ 'ಟರ್ಕಿ ಟ್ರಾಟ್' ಎಂದೇ ಹೆಸರು, ಅಲ್ಲಿನ ಊರೂರಿನಲ್ಲೂ ಒಂದೊಂದಿದೆ. ನನ್ನ ತಂಗಿಯ ಮಗಳು ಅಲ್ಲಿದ್ದಾಳೆ. ಹಬ್ಬದ ದಿನ ಕೊರೆಯುವ ಚಳಿಯಲ್ಲಿ ಓಡಿ ಬಂದು ಕೆಂಪು ಮೂಗಿನ ಫೋಟೊ ಕಳಿಸುತ್ತಾಳೆ. "ಅಡುಗೆ ಯಾರು ಮಾಡಿದ್ರೇ?" ಎಂದು ನಾನು ಕೇಳಿದರೆ, "ದೊಡ್ಡಮ್ಮ, ಈ ಸಲ ಅವರೇ" ಅಂತ ಉತ್ತರ.

ನಾನು ಕೇಳಿದ ಪ್ರಶ್ನೆ ಕುಹಕದ್ದಲ್ಲ. ಓಡುವುದಕ್ಕೆ ಹೆಂಗಸರಿಗೆ ಅಡ್ಡ ಬಂದವರು ಎಲ್ಲ ದೇಶದಲ್ಲೂ ಇದ್ದರು. ಬಾಸ್ಟನ್ ಮ್ಯಾರಥಾನ್ ಕೂಡ ರಜೆಯ ದಿನದ ಓಟವೇ. 1897ರಿಂದ ಏಪ್ರಿಲ್ ತಿಂಗಳಿನ ಅಲ್ಲಿನ ಒಂದು ನಾಡಹಬ್ಬದಂದು ನಡೆಯುತ್ತಿದೆ. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ಹುಡುಗಿ ಹೆಸರಿನ ಬರೀ ಮೊದಲಕ್ಷರಗಳನ್ನು ಬರೆಸಿ 261ನೇ ನಂಬರು ಪಡೆದು ಓಡುತ್ತಿದ್ದಾಗ, ಓಟ ನಡೆಸುವ ಅಧಿಕಾರಿಯೊಬ್ಬರು ಹಿಂದಿನಿಂದ ನುಗ್ಗಿ ಬಂದು ಎದೆಯ ಮೇಲಿನ ಚೀಟಿ ಕಿತ್ತುಹಾಕಲು ನೋಡಿದರು. ಆಕೆ ಓಟ ಮುಗಿಸಿಯೇ ನಿಂತಳು. ಅಲ್ಲಿ ಹೆಂಗಸರಿಗೆ ಅಧಿಕೃತವಾಗಿ ಓಡಲು ಬಿಟ್ಟದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ. ಅಷ್ಟು ದೂರ ಓಡಿದರೆ ಹೆಣ್ಣಿನ ಮೈ ತಡೆಯುವುದಿಲ್ಲ ಎಂದು ಬಲ್ಲವರೆನಿಸಿಕೊಂಡವರೇ ಹೇಳುತ್ತಿದ್ದರು. ಆರು ಮೈಲಿಯಿಂದ ನೀರು ಹೊತ್ತು ತರುವ ಹೆಣ್ಣಿನ ಮೈ ಅವರ ಕಣ್ಣಿಗೆ ಬಿದ್ದಿರಲಿಲ್ಲವೋ ಏನೋ.

ನಮ್ಮಲ್ಲಿ ಚೀಟಿ ಕೀಳಲು ಯಾರೂ ಬರುವುದಿಲ್ಲ. ನಮ್ಮ ಅಡ್ಡಿ ಅಡುಗೆಮನೆಯಲ್ಲಿದೆ. ರಜೆ ಎಂದರೆ ಮನೆಮಂದಿಯೆಲ್ಲ ಮನೆಯಲ್ಲಿರುವ ದಿನ; ಮನೆಮಂದಿಯೆಲ್ಲ ಇದ್ದಾರೆಂದರೆ ಒಬ್ಬಳಿಗೆ ಇಮ್ಮಡಿ ಕೆಲಸ. ಯುಗಾದಿಯ ಬೆಳಿಗ್ಗೆ ಓಟ ಇಟ್ಟು ನೋಡಿ. ಗಂಡಸರು ಓಡಿ ಬಂದು ಎಣ್ಣೆಸ್ನಾನಕ್ಕೆ ಕೂರುತ್ತಾರೆ, ಹೆಂಗಸರು ಒಬ್ಬಟ್ಟಿಗೆ ಹೂರಣ ರುಬ್ಬುತ್ತಿರುತ್ತಾರೆ. ಗೌರಿ-ಗಣೇಶ, ದೀಪಾವಳಿ, ಯಾವುದಾದರೂ ಅಷ್ಟೇ. ಅದಕ್ಕೇ ನನ್ನ ಅಭಿಪ್ರಾಯ ಖಚಿತ: ಇಂಥ ಓಟಕ್ಕೆ ಹೇಳಿಮಾಡಿಸಿದ ದಿನಗಳೆಂದರೆ ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1. ಆ ದಿನಗಳಿಗೆ ಮಡಿಯಿಲ್ಲ, ನೈವೇದ್ಯವಿಲ್ಲ, ನೆಂಟರಿಲ್ಲ. ಬಾವುಟ ಹಾರಿಸುವ ಸಮಾರಂಭಕ್ಕೂ ಹೊತ್ತಿರುತ್ತದೆ. ನಮ್ಮ ರಾಜ್ಯೋತ್ಸವದ ಓಟದಲ್ಲಿ ಹೆಂಗಸರು ಗಂಡಸರ ಸರಿಸಮಕ್ಕೆ ಕಾಣುವುದು ಸುಮ್ಮನೆ ಅಲ್ಲ. ಇನ್ನೊಂದು ಕಾರಣ ಅಲ್ಲಿನ ತಿಂಡಿ. ಓಟ ಮುಗಿಸಿದವರಿಗೆ ಬಿಸಿ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಹೆಸರು ಬರೆಸಿದವರ ಮನೆಯವರು ಓಡದಿದ್ದರೂ ಬಂದು ತಿನ್ನಬಹುದು. ಅಂದರೆ ಆ ದಿನ ಬೆಳಿಗ್ಗೆ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಬೇಕಾಗಿಲ್ಲ. ಈ ಏರ್ಪಾಡು ಮಾಡಿದ ಪುಣ್ಯಾತ್ಮರು ಯಾರೋ, ಅವರಿಗೆ ಹೆಂಗಸರ ಓಟದ ಬಗ್ಗೆ ಗೊತ್ತಿರುವಷ್ಟು ಬಾಸ್ಟನ್ನಿನವರಿಗೆ ಗೊತ್ತಿರಲಿಲ್ಲ.

ಇನ್ನೂ ಹೊರಗೇ ಉಳಿದವರಿದ್ದಾರೆ. ನಾವು ಐದೂವರೆಗೆ ಬರುವ ಮೊದಲೇ ಆ ರಸ್ತೆ ಗುಡಿಸಿದ ಪೌರಕಾರ್ಮಿಕರು, ಕವಲುದಾರಿಯಲ್ಲಿ ಹಗ್ಗ ಹಿಡಿದು ನಿಲ್ಲುವ ಪೊಲೀಸಿನವರು. ರಾಜ್ಯಕ್ಕೆಲ್ಲ ರಜೆ, ಅವರಿಗಿಲ್ಲ. ನಾವು ಕುಡಿದು ಎಸೆದ ಪೇಪರ್ ಲೋಟಗಳನ್ನು ಆಯುವುದೂ ಆ ಪೌರಕಾರ್ಮಿಕರೇ. ನೀರಿನ ಮೇಜಿನ ಮುಂದೆ ಐವತ್ತು ಹೆಜ್ಜೆಯೊಳಗೇ ಒಂದು ಡಬ್ಬ ಇಟ್ಟರೆ ಸಾಕು, ಜನ ಅದರಲ್ಲೇ ಹಾಕುತ್ತಾರೆ. ಅದನ್ನೂ ಇಡದೆ ಸ್ವಚ್ಛತೆಗಾಗಿ ಓಟ ಎಂದು ಬ್ಯಾನರು ಕಟ್ಟುವವರಿದ್ದಾರೆ. ಐದು ಕಿಲೋಮೀಟರಿಗೆ ನಾಲ್ಕು ಕಡೆ ನೀರು ಬೇಕಿಲ್ಲ, ಎರಡು ಕಡೆ ಸಾಕು. ಚೊಂಬು ಲೋಟ ಇಟ್ಟರೆ ಇನ್ನೂ ಒಳ್ಳೆಯದು.

ಬಹುಮಾನದ ವಿಚಾರಕ್ಕೆ ಬರೋಣ. ಮೊದಲ ಮೂವರಿಗೆ ನಗದು ಬಹುಮಾನ ಎಂದು ಹಾಕಿದ ದಿನ ಖುಷಿಯ ಓಟ ಸತ್ತಿತು ಎಂದೇ ತಿಳಿಯಿರಿ. ಆಗ ಹೊರಗಿನಿಂದ ಪಳಗಿದ ಓಟಗಾರರು ಬರುತ್ತಾರೆ, ಅವರಿಗೂ ಹೊಟ್ಟೆಪಾಡು, ತಪ್ಪಲ್ಲ. ಆದರೆ ಅಲ್ಲಿಗೆ ಎಲ್ಲರ ಕಣ್ಣು ಮುಂದಿನ ಮೂವರ ಮೇಲೆ. ಹಿಂದಿನವರು ಬರುವಷ್ಟರಲ್ಲಿ ಶಾಮಿಯಾನ ಬಿಚ್ಚಿರುತ್ತಾರೆ, ಉಪ್ಪಿಟ್ಟಿನ ಪಾತ್ರೆ ಕೆರೆಯುತ್ತಿರುತ್ತಾರೆ. ಇಂಗ್ಲೆಂಡಿನಲ್ಲಿ 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನರಿಂದ ಶುರುವಾದ 'ಪಾರ್ಕ್‌ರನ್' ಎಂಬ ಐದು ಕಿಲೋಮೀಟರ್ ಓಟ ಈಗ ಹಲವು ದೇಶಗಳಿಗೆ ಹಬ್ಬಿದೆ. ಪ್ರತಿ ಶನಿವಾರ ನಡೆಯುತ್ತದೆ, ಎಷ್ಟೋ ಊರುಗಳಲ್ಲಿ ಕ್ರಿಸ್ಮಸ್ ಬೆಳಿಗ್ಗೆಯೂ ಉಂಟು. ಶುಲ್ಕವಿಲ್ಲ, ಬಹುಮಾನವಿಲ್ಲ. ಅಲ್ಲೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಒಬ್ಬ ಸ್ವಯಂಸೇವಕರನ್ನು ಎಲ್ಲರಿಗಿಂತ ಹಿಂದೆ ನಡೆಯುವುದಕ್ಕೆಂದೇ ನೇಮಿಸುತ್ತಾರೆ. ಎಷ್ಟೇ ನಿಧಾನ ಬಂದವರಿಗೂ ಅವರ ಹಿಂದೆ ಇನ್ನೊಬ್ಬರು ಇದ್ದೇ ಇರುತ್ತಾರೆ. ಓಡಲು ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ.

ಇದನ್ನು ನಾನು ನಮ್ಮ ಬಳಗದವರಿಗೆ ಹೇಳಿದೆ. ಒಪ್ಪಿದರು. ಪಿನ್ನು ಹಾಕಿಸಿಕೊಂಡ ಇಂಜಿನಿಯರೇ ಆ ಕೆಲಸಕ್ಕೆ ಮುಂದೆ ಬಂದರು. ಕೋಲು ಹಿಡಿದು, ಸೀಟಿ ಕೊರಳಿಗೆ ಹಾಕಿಕೊಂಡು, ಎಲ್ಲರ ಹಿಂದೆ ನಡೆದು ಬರುತ್ತಾರೆ. ಅವರು ಗೆರೆ ದಾಟುವ ತನಕ ಡೊಳ್ಳು ನಿಲ್ಲಿಸುವ ಹಾಗಿಲ್ಲ, ಉಪ್ಪಿಟ್ಟಿನ ಪಾತ್ರೆ ಎತ್ತುವ ಹಾಗಿಲ್ಲ.

ಹೊಸದಾಗಿ ಓಡಲು ಮನಸ್ಸು ಮಾಡುವವರಿಗೆ ಒಂದೆರಡು ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆಯ ತೊಂದರೆ ಇದ್ದವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಒಂದೂವರೆ ಎರಡು ತಿಂಗಳು ಮೊದಲಿನಿಂದ ವಾರಕ್ಕೆ ಮೂರು ನಾಲ್ಕು ದಿನ ಬಿರುಸಾಗಿ ನಡೆಯುವ ರೂಢಿ ಮಾಡಿಕೊಳ್ಳಿ. ಆ ಬೆಳಿಗ್ಗೆ ಹೊಟ್ಟೆತುಂಬ ತಿಂದು ಹೋಗಬೇಡಿ, ತೀರ ಖಾಲಿಯೂ ಬೇಡ; ಒಂದು ಬಾಳೆಹಣ್ಣು ಸಾಕು. ಹೊಸ ಶೂ ಅಂದೇ ಹಾಕಿಕೊಂಡು ಹೋಗಬೇಡಿ, ಬೊಬ್ಬೆ ಏಳುತ್ತದೆ. ಓಡುವಾಗ ಎದೆ ಹಿಡಿದಂತಾದರೆ, ಕೈ ಸೆಳೆದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಂತು ಯಾರನ್ನಾದರೂ ಕರೆಯಿರಿ. ಮುಜುಗರ ಪಟ್ಟುಕೊಂಡು ಓಡುತ್ತಲೇ ಇರಬೇಡಿ.

ನಿಮ್ಮೂರಿನಲ್ಲಿ ಇಂಥ ಓಟ ಇದ್ದರೆ ಮುಂದಿನ ರಜೆಗೆ ಹೆಸರು ಬರೆಸಿ. ಇಲ್ಲದಿದ್ದರೆ ನೀವೇ ನಾಲ್ಕು ಜನ ಕೂಡಿ ಶುರು ಮಾಡಿ, ಬಫಲೊದಲ್ಲಿ ಮೊದಲ ವರ್ಷ ಇದ್ದವರು ಆರೇ ಮಂದಿ. ಆದರೆ ಹೆಸರು ಬರೆಸುವಾಗ ಮನೆಯಿಂದ ಒಬ್ಬರದೇ ಬರೆಸಬೇಡಿ. ಅಡುಗೆಮನೆಯಲ್ಲಿರುವವರನ್ನೂ ಕೇಳಿ, ಅವರದನ್ನೂ ಬರೆಸಿ. ತಿಂಡಿ ಅಲ್ಲೇ ಆಗುತ್ತದೆ.